ತಲೆ ಈಗ ನನ್ನದು

ತಲೆಯಕ್ಕ ಆ ದಿನ ಒಬ್ಬ ಗಂಡಸನ್ನು ನೆಲದಿಂದ ಹಲಗೆಗೆ ಸಾಗಿಸಿದ್ದು ಹೇಗಿತ್ತೆಂದರೆ, ಅವನ ಹಣೆಯ ಮೇಲೆ ಕಂಠಪೂರ್ತಿ ನೀರು ತುಂಬಿದ ಗಾಜಿನ ಲೋಟ ಇಟ್ಟಿದ್ದರು. ಲೋಟದೊಳಗೆ ಒಂದು ಮೀನು ಮಲಗಿ ನಿದ್ದೆ ಹೋಗಿತ್ತು. ಅವನನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿನಡಿಗೆ ಹಲಗೆ ತಳ್ಳಿ, ಮತ್ತೆ ಅಂಗಾತ ಮಾಡಿ, ಪಟ್ಟಿ ಬಿಗಿದು, ಎತ್ತಿ ಗಾಡಿಗೆ ಏರಿಸುವವರೆಗೂ ಆ ಮೀನಿಗೆ ಎಚ್ಚರವಾಗಲಿಲ್ಲ. ಮಗ್ಗುಲಿಗೆ ಹೊರಳಿಸುವಾಗ ಲೋಟ ಯಾಕೆ ಬೀಳಲಿಲ್ಲ ಎಂದು ಕೇಳುವ ತರಲೆಗಳು ಎಲ್ಲ ಕಾಲದಲ್ಲೂ ಇರುತ್ತಾರೆ. ಅಂಥವರು ಹೋಗಿ ಮೀನನ್ನೇ ಕೇಳಿಕೊಳ್ಳಲಿ.

ತಲೆಯಕ್ಕ ಎಂಬುದು ಅವಳ ಹೆಸರಲ್ಲ, ಅವಳು ಕೂರುವ ಜಾಗ. ಆಂಬುಲೆನ್ಸ್ ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುವುದು. ಮೇಲಿಂದ ಬಿದ್ದವರನ್ನು, ಗಾಡಿ ಗುದ್ದಿದವರನ್ನು ಸುಮ್ಮನೆ ಕೈಕಾಲು ಹಿಡಿದು ಎತ್ತಿಬಿಡುವ ಹಾಗಿಲ್ಲ. ಬೆನ್ನುಮೂಳೆಯೊಳಗೆ ದೀಪದ ಬತ್ತಿಯ ಹಾಗೆ ಒಂದು ಹುರಿ ಇಳಿದಿರುತ್ತದೆ. ಮೂಳೆ ಬಿರುಕು ಬಿಟ್ಟಿದ್ದಾಗ ಕುತ್ತಿಗೆ ಒಂದಿಷ್ಟು ತಿರುಚಿದರೂ ಬತ್ತಿ ಕತ್ತರಿಸಿ ಹೋಗಬಹುದು. ಆಮೇಲೆ ಆ ಮನುಷ್ಯ ಜೀವಮಾನವಿಡೀ ಕೈಕಾಲು ಆಡಿಸಲಾರ. ಅದಕ್ಕೇ ನಾಲ್ಕು ಜನ ಬೇಕು: ತಲೆಗೊಬ್ಬರು, ಭುಜಕ್ಕೊಬ್ಬರು, ಸೊಂಟಕ್ಕೊಬ್ಬರು, ಕಾಲಿಗೊಬ್ಬರು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತು ಕೂತು ಆ ಜಾಗಗಳೇ ಹೆಸರಾಗಿ ಅಂಟಿಕೊಂಡಿದ್ದವು. ಹಾಜರಿ ಪುಸ್ತಕದ ಮುಂದೆ ನಿಂತು "ಕಾಲಿಗೆ ಜ್ವರ, ಭುಜ ರಜೆ, ಸೊಂಟ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ" ಎಂದು ಮಾತಾಡುವುದನ್ನು ಕೇಳಿ, ಕೆಲಸ ಕೇಳಲು ಬಂದ ಹೊಸಬರು ಚಪ್ಪಲಿ ಬಿಟ್ಟು ಓಡಿದ್ದುಂಟು.

ನಾಲ್ಕರಲ್ಲಿ ತಲೆಯದೇ ಯಜಮಾನಿಕೆ. ತಲೆ ಹಿಡಿದವರು ಮೊಣಕೈಗಳನ್ನು ನೆಲಕ್ಕೆ ಊರಿ, ಎರಡು ಅಂಗೈಗಳ ನಡುವೆ ಬಿದ್ದವನ ಕಿವಿಗಳನ್ನು ಇಟ್ಟುಕೊಂಡು, ಬೆರಳುಗಳನ್ನು ದವಡೆಯ ಕೆಳಗೆ ಕೊಟ್ಟು, ಒಂದು, ಎರಡು, ಮೂರು ಎಂದು ಎಣಿಸಬೇಕು. ಮೂರು ಅನ್ನುವವರೆಗೆ ಆಕಾಶ ಕಳಚಿ ಬಿದ್ದರೂ ಯಾರೂ ಕದಲುವಂತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ತಲೆಯಕ್ಕ ಹೀಗೆ ಹಿಡಿದ ತಲೆಗಳು ಹತ್ತು ಸಾವಿರ. ಅವನ್ನು ಸಾಲಾಗಿ ನಿಲ್ಲಿಸಿದರೆ, ಮೈಸಮೇತವಾಗಿಯೇ ಅನ್ನಿ, ಶೆಡ್ಡಿನ ಬಾಗಿಲಿಂದ ಹೊರಟ ಸಾಲು ಊರು ಸುತ್ತಿ ಮತ್ತೆ ಅದೇ ಬಾಗಿಲಿಗೆ ಬಂದು ಸೇರುತ್ತಿತ್ತು.

ಇಂಥ ಕೈಯನ್ನು ಪರೀಕ್ಷೆ ಮಾಡಲು ಬಂದವಳು ಬೆಲ್ಟಿನ ಹುಡುಗಿ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ದೊಡ್ಡ ಆಸ್ಪತ್ರೆಯ ತರಬೇತಿ ವಿಭಾಗದಿಂದ ಒಂದು ಪೆಟ್ಟಿಗೆ ಹಿಡಿದು ಬಂದಿದ್ದಳು. ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ಕಪ್ಪು ಡಬ್ಬಿಗಳು, ಅವಕ್ಕೆ ಎಳೆದು ಬಿಗಿಯುವ ಬೆಲ್ಟುಗಳು. ಒಂದನ್ನು ರೋಗಿಯ ಹಣೆಗೆ, ಇನ್ನೊಂದನ್ನು ಎದೆಯ ನಡುಮೂಳೆಗೆ ಕಟ್ಟುವುದು. ಡಬ್ಬಿಗಳು ಎಷ್ಟು ಅಲ್ಲಾಡಿದವು, ಯಾವ ಕಡೆ ಓರೆಯಾದವು ಎಂಬುದೆಲ್ಲ ವೈರು ಗಿಯರು ಏನೂ ಇಲ್ಲದೆ ಲ್ಯಾಪ್‌ಟಾಪಿಗೆ ಹೋಗಿ, ಪರದೆಯ ಮೇಲೆ ಎರಡು ಗೆರೆಗಳಾಗಿ ಹರಿಯುತ್ತಿದ್ದವು: ತಲೆಗೆ ನೀಲಿ, ಎದೆಗೆ ಕೆಂಪು. ಎರಡು ಗೆರೆಗಳೂ ಜೊತೆಜೊತೆಗೆ ಏರಿಳಿದರೆ ಕುತ್ತಿಗೆ ನೆಟ್ಟಗಿದೆ ಎಂದರ್ಥ. ಒಂದು ಮುಂದೆ ಹೋಗಿ ಇನ್ನೊಂದು ಹಿಂದುಳಿದರೆ ನಡುವೆ ಸಿಕ್ಕ ಕುತ್ತಿಗೆ ತಿರುಚಿತು ಎಂದರ್ಥ. ಎಷ್ಟು ಡಿಗ್ರಿ ಎಂದು ಕೊನೆಗೆ ಮೂಲೆಯಲ್ಲಿ ಒಂದು ಅಂಕಿ ಮೂಡುತ್ತಿತ್ತು.

ಐದರೊಳಗೆ ಬಂದರೆ ಪಾಸು. ಮೂರು ದಿನ, ಮೂರು ಅವಕಾಶ. ಮೂರರಲ್ಲೂ ಫೇಲಾದವರು ತಲೆಯ ಜಾಗ ಬಿಟ್ಟು ಕಾಲಿನ ಕಡೆ ಹೋಗಿ ಕೂರಬೇಕು.

ಸರಿ, ಹಣೆಗೆ ಡಬ್ಬಿ ಕಟ್ಟಿಸಿಕೊಂಡು ಮಲಗಲು ಒಬ್ಬ ರೋಗಿ ಬೇಕಲ್ಲ. ಇಲ್ಲಿ ಕಥೆಯೊಳಗೆ ಕಾಲಿಡುತ್ತಾನೆ ತಲೆಯಕ್ಕನ ಮೈದುನ. ಬೋರ್ಡು ಬರೆಯುವ ಕಸುಬಿನವನು. ಆ ವಾರ ಶೆಡ್ಡಿನ ಗೋಡೆಗೆ ಗಾಡಿಗಳ ನಂಬರು ಬರೆಯಲು ಬಂದಿದ್ದ. ರೂಪವಂತ, ಬುದ್ಧಿವಂತ, ನಡೆದರೆ ದಾರಿಯೇ ಪಕ್ಕಕ್ಕೆ ಸರಿದು ಜಾಗ ಬಿಡಬೇಕು ಅಂಥವನು. ಮಲಗುವುದರಲ್ಲಂತೂ ಅವನಿಗೆ ಸಾಟಿಯಿಲ್ಲ. ಒಮ್ಮೆ ಅವನು ಬೆಂಚಿನ ಮೇಲೆ ಮಲಗಿದ್ದಾಗ ಯಾರೋ ಬಂದು ಅವನ ಮೇಲೆ ಕೂತು ಊಟ ಮುಗಿಸಿ ಎದ್ದು ಹೋಗಿದ್ದರು. "ಅತ್ತಿಗೆ, ನಾನು ಮಲಗ್ತೀನಿ. ಕಲ್ಲು ಬೇಕಾದ್ರೆ ಅಲ್ಲಾಡೀತು, ನಾನು ಅಲ್ಲಾಡಲ್ಲ" ಎಂದು ಇಡೀ ಶೆಡ್ಡಿಗೆ ಕೇಳುವಂತೆ ಹೇಳಿ, ಕುಂಚವನ್ನು ಡಬ್ಬದಲ್ಲಿ ಅದ್ದಿಟ್ಟು, ನೀಲಿ ಚಾಪೆಯ ಮೇಲೆ ಅಂಗಾತ ಬಿದ್ದುಕೊಂಡ.

ಪರೀಕ್ಷೆ ನಡೆದದ್ದು ಹಳೆಯ ಟೈರುಗಳ ವಾಸನೆ ಹೊಡೆಯುವ, ಶೆಡ್ಡಿನ ಹಿಂದಿನ ಹಾಲ್‌ನಲ್ಲಿ. ಗೋಡೆಗೆ ಹನ್ನೆರಡು ಹೆಜ್ಜೆಗಳ ಅಚ್ಚಿನ ಹಾಳೆ ಅಂಟಿಸಿದ್ದರು. ಮೊದಲ ಹೆಜ್ಜೆಯಲ್ಲೇ ದಪ್ಪ ಅಕ್ಷರದಲ್ಲಿ ಹಾಕಿತ್ತು: ಎಣಿಕೆಯ ಹೊರತು ಅನಗತ್ಯ ಮಾತು ಬೇಡ. ಮಾತು ಬೇಡ ಅಂದಮೇಲೆ ತಲೆಯಕ್ಕ ತುಟಿಗೆ ಹೊಲಿಗೆ ಹಾಕಿಕೊಂಡಳು. ಪರೀಕ್ಷೆ ಎಂಬ ಮಾತಿಗೇ ಅವಳಿಗೆ ಏಳನೇ ಕ್ಲಾಸಿನ ಭಯ ಮರಳಿ ಬರುತ್ತಿತ್ತು. ಹಾಳೆ ನೋಡುವುದು, ಒಂದು ಹೆಜ್ಜೆ ಮುಗಿಸುವುದು, ಮತ್ತೆ ಹಾಳೆ ನೋಡುವುದು. ಮೂರು ಅಂದಳು, ಹೊರಳಿಸಿದರು, ಹಲಗೆ ತಳ್ಳಿದರು, ಎತ್ತಿದರು. ನೀರಿನ ಮೇಲೆ ಎಲೆ ತೇಲಿದ ಹಾಗೆ ಹೋಯಿತು ಎಂದು ಅವಳಿಗೇ ಅನಿಸಿತು.

ಪರದೆಯ ಮೂಲೆಯಲ್ಲಿ ಹತ್ತೊಂಬತ್ತು ಮೂಡಿತು.

ಬೆಲ್ಟಿನ ಹುಡುಗಿ ಡಬ್ಬಿ ಬಿಚ್ಚಿ, ಒರೆಸಿ, ಮತ್ತೆ ಕಟ್ಟಿ ನೋಡಿದಳು. ಡಬ್ಬಿಯಲ್ಲಿ ದೋಷವಿರಲಿಲ್ಲ. ಸೊಂಟ ಅಂದರೆ ಗಾಡಿ ಓಡಿಸುವ ದಢೂತಿ ಮನುಷ್ಯ, ಸಾವಿನ ಮನೆಯಲ್ಲೂ ಸುಮ್ಮನಿರದ ಬಾಯಿ. "ಹತ್ತೊಂಬತ್ತು ಡಿಗ್ರಿ ಅಂದ್ರೆ ಸ್ವೆಟರ್ ಹಾಕ್ಕೋಬೇಕು ಅಕ್ಕ" ಎಂದ. ಎಲ್ಲರೂ ನಕ್ಕರು. ತಲೆಯಕ್ಕನೂ ನಕ್ಕಳು. ಆದರೆ ನಗು ತುಟಿಯಿಂದ ಕೆಳಗಿಳಿಯಲಿಲ್ಲ.

ಅದಕ್ಕೆ ಕಾರಣ ಕಾಲಿನ ಕಡೆ ಹೋಗಿ ಕೂರುವ ಅವಮಾನವಲ್ಲ. ಅವಳಿಗೆ ನೆನಪಾದದ್ದು ಹನ್ನೊಂದು ವರ್ಷದ ಹಿಂದಿನ ಒಂದು ಬೆಳಗ್ಗೆ. ಕಟ್ಟುತ್ತಿದ್ದ ಮನೆಯೊಂದರ ಚಾವಣಿಯಿಂದ ಜಾರಿ ಬಿದ್ದಿದ್ದ ಒಬ್ಬ ಕೆಲಸಗಾರ. ಮರಳಿನ ಗುಡ್ಡೆಯ ಪಕ್ಕ ಮಂಡಿಯೂರಿ ಅವನ ತಲೆ ಹಿಡಿದವಳು ಇವಳೇ. ಅವನು ಬದುಕಿದ, ಆದರೆ ಮತ್ತೆ ಕಾಲ ಮೇಲೆ ನಿಲ್ಲಲಿಲ್ಲ. ಈಗ ಮಾರುಕಟ್ಟೆಯ ಮೂಲೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂತು ಕೀಲಿಕೈ ಕೆತ್ತುತ್ತಾನೆ. ಅವನ ಸೊಂಟದ ಕೆಳಗಿನದು ಬಿದ್ದ ಏಟಿಗೆ ಹೋಯಿತೋ, ಎತ್ತಿದ ಕೈಯಿಂದ ಹೋಯಿತೋ ಎಂಬ ಅನುಮಾನ ಮನಸ್ಸಿನ ಅಟ್ಟದಲ್ಲಿ ಎಲ್ಲೋ ಬಿದ್ದಿತ್ತು. ಇಂದು ಒಂದು ಬೆಂಕಿಪೊಟ್ಟಣ ಅದನ್ನು ಕೆಳಗಿಳಿಸಿ, ಧೂಳು ಕೊಡವಿ, ಹತ್ತೊಂಬತ್ತು ಎಂದು ಚೀಟಿ ಅಂಟಿಸಿ ಅವಳ ಮುಂದಿಟ್ಟಿತು.

ಮಾರನೆಯ ದಿನ ಹದಿನೇಳು.

ಆ ದಿನ ಬೆಲ್ಟಿನ ಹುಡುಗಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗೆರೆಗಳನ್ನು ತೋರಿಸಿದಳು. ಕೆಟ್ಟ ಹುಡುಗಿಯಲ್ಲ ಪಾಪ, ಅಕ್ಕ ಅಕ್ಕ ಎಂದೇ ಮಾತಾಡಿಸುತ್ತಿದ್ದಳು. ನೋಡಿ, ನೀವು ಮೂರು ಅನ್ನುವುದಕ್ಕೆ ಮುಂಚೆಯೇ ನೀಲಿ ಗೆರೆ ಹೊರಟುಬಿಡುತ್ತದೆ. ಉಳಿದವರು ಮೂರಕ್ಕೆ ಸರಿಯಾಗಿ ಕೈ ಹಾಕುತ್ತಾರೆ, ನೀವು ಎರಡಕ್ಕೇ ತಲೆ ಎತ್ತುತ್ತಿದ್ದೀರಿ ಎಂದಳು. ತಲೆಯಕ್ಕ ಇಲ್ಲ ಅಂದಳು. ಎಣಿಸುವವಳೇ ನಾನು, ನನ್ನ ಎಣಿಕೆಗಿಂತ ಮುಂಚೆ ನನ್ನ ಕೈ ಯಾಕೆ ಹೋಗುತ್ತದೆ ಅಂದಳು. ಹುಡುಗಿ ಮತ್ತೊಮ್ಮೆ ಗೆರೆಯ ಮೇಲೆ ಬೆರಳಿಟ್ಟಳು. ಗೆರೆ ಸುಳ್ಳು ಹೇಳುವ ಪೈಕಿಯಲ್ಲ.

ಒಂದು ವಿಷಯ ಮಾತ್ರ ತಲೆಯಕ್ಕ ಬಾಯಿಬಿಟ್ಟು ಹೇಳಲಿಲ್ಲ. ಎರಡು ಅನ್ನುವಾಗ ಅಂಗೈಯಲ್ಲಿದ್ದ ತಲೆ ಯಾಕೋ ಹಗುರವಾದಂತೆ ಅವಳಿಗೆ ಎರಡು ದಿನವೂ ಅನಿಸಿತ್ತು. ಹೇಳಿದರೆ ನೆಪ ಹುಡುಕುತ್ತಾಳೆ ಅಂದುಕೊಂಡಾರೆಂದು ನುಂಗಿಕೊಂಡಳು. ಇಪ್ಪತ್ತೆರಡು ವರ್ಷ ಆದಮೇಲೆ ಅಂಗೈಗೂ ಭ್ರಮೆ ಬರಬಹುದು, ಯಾರಿಗೆ ಗೊತ್ತು.

ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಒಂದು ಕುಂಬಳಕಾಯಿ ಇಟ್ಟುಕೊಂಡು, ಮೊಣಕೈ ಊರಿ, ಒಂದು ಎರಡು ಮೂರು ಎಂದು ಎತ್ತಿ ಇಳಿಸಿ ಮಾಡಿದಳು. ಸಾವಿರ ಸಲ ಎತ್ತಿದಳು ಎಂದರೆ ಕಡಿಮೆಯೇ ಆದೀತು. ಕುಂಬಳಕಾಯಿಗೆ ಕಿವಿ ಮೂಡುವುದೊಂದು ಬಾಕಿ. ಗಂಡ ಬಾಗಿಲಲ್ಲಿ ನಿಂತು ನೋಡಿ, ಈ ಕುಂಬಳಕಾಯಿ ಇನ್ನು ಅಡುಗೆಗೆ ಸಿಗುವುದಿಲ್ಲ, ಗುಣವಾಗಿ ಮನೆಗೆ ಹೋಗುತ್ತೆ ಎಂದು ಮೆಲ್ಲಗೆ ತಮ್ಮನಿಗೆ ಹೇಳಿದ. ತಮ್ಮ, ಅಂದರೆ ನಮ್ಮ ಆ ರೂಪವಂತ ಮೈದುನ, ಸದಾ ನಗುವವನು ಅಂದು ನಗಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದು, ಬೋರ್ಡು ಬಾಕಿಯಿದೆ ಎಂದು ಎದ್ದು ಹೋದ.

ಸಂಜೆ ತಲೆಯಕ್ಕ ಮನೆಯ ಕೀಲಿಕೈ ತೆಗೆದುಕೊಂಡು ಮಾರುಕಟ್ಟೆಗೆ ಹೊರಟಳು.

ಇದೊಂದು ಹಳೆಯ ಚಾಳಿ. ವರ್ಷಕ್ಕೊಂದೆರಡು ಸಲ ಅವಳ ಮನೆಯ ಕೀಲಿಕೈ ಕಳೆದುಹೋಗುತ್ತಿತ್ತು. ಕಳೆದುಹೋಗುತ್ತಿತ್ತು ಎಂದು ಅವಳು ಹೇಳುತ್ತಿದ್ದಳು, ಅಷ್ಟೇ. ಇನ್ನೊಂದು ಮಾಡಿಸುವ ನೆಪದಲ್ಲಿ ಆ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು, ಅವನ ಬೆನ್ನು ನೆಟ್ಟಗಿದೆಯೇ, ಮುಖದಲ್ಲಿ ಗೆಲುವಿದೆಯೇ ಎಂದು ಕಳ್ಳನೋಟದಲ್ಲಿ ನೋಡಿ, ತಾನು ಯಾರೆಂದು ಹೇಳದೆ ವಾಪಸು ಬರುತ್ತಿದ್ದಳು. ಮನೆಯಲ್ಲಿ ಇದ್ದದ್ದು ಮೂರು ಜನ, ಕೀಲಿಕೈ ಹನ್ನೊಂದು. ಇವತ್ತು ಹೇಳಿಯೇ ಬಿಡುವುದು, ನಿನ್ನ ತಲೆ ಹಿಡಿದವಳು ನಾನು, ನನ್ನ ಕೈಯಲ್ಲಿ ದೋಷವಿದೆಯಂತೆ ಎಂದು ಒಪ್ಪಿಕೊಂಡುಬಿಡುವುದು ಎಂದುಕೊಂಡು ಹೋದಳು. ಹೋಗಿ ನಿಂತದ್ದೇ, ಕೈ ತಾನಾಗಿ ಕೀಲಿಕೈಯನ್ನು ಮುಂದೆ ಚಾಚಿತು.

ಕೀಲಿಕೈಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಕ್ಕ, ಈ ಬೀಗಕ್ಕೆ ನಾನೇ ಹನ್ನೊಂದು ಮಾಡಿಕೊಟ್ಟಿದ್ದೀನಿ. ನಿಮ್ಮದು ಮನೆನಾ, ಲಾಡ್ಜಾ?"

ತಲೆಯಕ್ಕ ತಬ್ಬಿಬ್ಬಾದಳು. ಅವನೇ ಮುಂದುವರಿಸಿದ. ನೀವು ಯಾರು ಅನ್ನುವುದು ಮೊದಲನೇ ಕೀಲಿಕೈಗೇ ನನಗೆ ಗೊತ್ತಾಯಿತು ಎಂದ. ಆವತ್ತು ಅವಳ ಕೈಜಾರಿ ಕೀಲಿಕೈ ಅವನ ಕುರ್ಚಿಯ ಹಿಂದಕ್ಕೆ ಬಿದ್ದಿತ್ತಂತೆ. ಅವಳು ಹಿಂದಿನಿಂದ ಅವನ ಹೆಗಲ ಮೇಲೆ ಬಗ್ಗಿದಾಗ ಅವನು ಕತ್ತೆತ್ತಿ ನೋಡಿದನಂತೆ, ಆ ಮುಖ ತಲೆಕೆಳಗಾಗಿ ಕಂಡಿತಂತೆ. ತಲೆಕೆಳಗಾದ ಆ ಮುಖವನ್ನು ಅವನು ಮರಳಿನ ಗುಡ್ಡೆಯ ಪಕ್ಕ ಮಲಗಿಕೊಂಡು ಅರ್ಧ ಗಂಟೆ ನೋಡಿದ್ದ, ಮರೆಯುವುದುಂಟೇ.

"ನನ್ನ ಕೈಯಿಂದ..." ಎಂದು ಶುರುಮಾಡಿ ತಲೆಯಕ್ಕ ಅಲ್ಲಿಗೇ ನಿಂತಳು. ಆಮೇಲೆ ಎಲ್ಲವನ್ನೂ ಹೇಳಿದಳು. ಬೆಲ್ಟು, ಗೆರೆ, ಹತ್ತೊಂಬತ್ತು, ಹದಿನೇಳು.

ಅವನು ಯಂತ್ರ ನಿಲ್ಲಿಸಿದ. ಕಾಲು ಬಿದ್ದ ಗಳಿಗೆಗೇ ಹೋಗಿತ್ತು ಅಕ್ಕ, ನೀವು ಬರುವುದಕ್ಕೆ ಮುಂಚೆ ನನ್ನ ಮೊಣಕಾಲ ಮೇಲೆ ಮೇಲಿಂದ ಒಂದು ಹೆಂಚು ಬಿತ್ತು, ಬಿದ್ದದ್ದನ್ನು ಕಣ್ಣಲ್ಲಿ ನೋಡಿದೆನೇ ಹೊರತು ಮೈಗೆ ಗೊತ್ತಾಗಲಿಲ್ಲ ಎಂದ. ಕುತ್ತಿಗೆಯಲ್ಲೂ ಒಂದು ಮೂಳೆ ಬಿರುಕು ಬಿಟ್ಟಿತ್ತಂತೆ. ದಾರಿಯಲ್ಲಿ ಯಾರೋ ತಲೆಯನ್ನು ಚೆನ್ನಾಗಿ ಹಿಡಿದಿದ್ದಾರೆ, ಇಲ್ಲದಿದ್ದರೆ ಕೈಯೂ ಹೋಗುತ್ತಿತ್ತು ಎಂದು ಡಾಕ್ಟರು ಅವನ ಹೆಂಡತಿಗೆ ಹೇಳಿದ್ದರಂತೆ. ಹಿತ್ತಾಳೆಯ ಪುಡಿ ಮೆತ್ತಿದ ಎರಡೂ ಕೈಗಳನ್ನು ಎತ್ತಿ, ಹತ್ತೂ ಬೆರಳು ಆಡಿಸಿ ತೋರಿಸಿದ.

"ಆವತ್ತು ನಾನು ಏಳೋಕೆ ನೋಡ್ತಿದ್ದೆ. ನೀವು ಕಿವಿ ಹತ್ತಿರ ಬಗ್ಗಿ ಹೇಳಿದ್ರಿ, ತಲೆ ಈಗ ನನ್ನದು, ನನಗೆ ಸಹಾಯ ಮಾಡಬೇಡ, ಸುಮ್ನೆ ಭಾರವಾಗಿರು ಅಂತ. ಹನ್ನೊಂದು ವರ್ಷದಲ್ಲಿ ಭಾರವಾಗಿರು ಅಂದವರು ನೀವೊಬ್ಬರೇ ಅಕ್ಕ. ಮಿಕ್ಕೋರೆಲ್ಲ ಭಾರ ಆದೆ ಅಂದ್ರು."

ತಲೆಯಕ್ಕನ ಕಣ್ಣು ತುಂಬಿ ಬಂತು. ಆ ಕಣ್ಣೀರಿಗೆ ಮಾರುಕಟ್ಟೆಯಲ್ಲಿ ಮೊಣಕಾಲು ಮಟ್ಟ ನೀರು ನಿಂತು, ತರಕಾರಿಯವರು ಬುಟ್ಟಿಗಳನ್ನು ಮೇಲೆತ್ತಿಕೊಂಡರು. ಆದರೆ ಅವಳು ಕಣ್ಣೊರೆಸಿಕೊಳ್ಳುತ್ತಿದ್ದ ಕೈ ಅರ್ಧಕ್ಕೇ ನಿಂತಿತು. ಸಹಾಯ ಮಾಡಬೇಡ. ಈ ಮಾತನ್ನು ಅವಳು ಹಿಡಿದ ಪ್ರತಿಯೊಂದು ತಲೆಗೂ ಹೇಳಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಮೊದಲ ವರ್ಷವೇ ತಾನಾಗಿ ಬಾಯಿಗೆ ಬಂದದ್ದು. ಹೇಳುತ್ತೇನೆ ಎಂಬ ಪರಿವೆಯೂ ಅವಳಿಗೆ ಉಳಿದಿರಲಿಲ್ಲ. ಈ ಎರಡು ದಿನ ಮಾತ್ರ ಹೇಳಿರಲಿಲ್ಲ. ಗೋಡೆಯ ಹಾಳೆ ಅನಗತ್ಯ ಮಾತು ಬೇಡ ಅಂದಿತ್ತು, ಮಲಗಿದ್ದವನು ಮನೆಯ ಮೈದುನ, ಅವನಿಗೆ ಹೇಳುವುದೇನು ಎಂದು ಬಿಟ್ಟಿದ್ದಳು. ಅಂಗೈಯಲ್ಲಿ ತಲೆ ಹಗುರವಾದದ್ದು ನೆನಪಾಯಿತು.

ಕೀಲಿಕೈಯನ್ನು ಅಂಗಡಿಯಲ್ಲೇ ಮರೆತು ಮನೆಗೆ ಬಂದಳು. ಬಂದವಳು ಆ ಕುಂಬಳಕಾಯಿಯನ್ನು ಹೆಚ್ಚಿ ಒಲೆಗೆ ಹಾಕಿದಳು. ಗಂಡನಿಗೆ ಹೋದ ಜೀವ ಬಂತು.

ಮೂರನೆಯ ದಿನ. ಹಾಲ್ ಕಿಕ್ಕಿರಿದಿತ್ತು. ಎಂಟು ಊರಿನ ಜನ ಬಂದಿದ್ದರು, ಕಿಟಕಿಗೆ ಜೋತವರು, ಗಾಡಿಗಳ ನೆತ್ತಿ ಹತ್ತಿದವರು ಲೆಕ್ಕವಿಲ್ಲ. ಸಹಿ ಹಾಕಲು ದೊಡ್ಡ ಡಾಕ್ಟರೇ ಬಂದು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಮೈದುನ ಹಣೆಗೂ ಎದೆಗೂ ಡಬ್ಬಿ ಕಟ್ಟಿಸಿಕೊಂಡು, ಎಂದಿಗಿಂತ ಹೆಚ್ಚು ಮೌನವಾಗಿ ಮಲಗಿದ್ದ.

ತಲೆಯಕ್ಕ ಮಂಡಿಯೂರಿದಳು. ಪರೀಕ್ಷೆಗೆ ಮುಂಚೆ ಒಂದು ಸಲ ಬರೀ ಎಣಿಸಿ ನೋಡುತ್ತೇನೆ, ಗೆರೆ ಹರಿಯಲಿ, ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಕೇಳಿಕೊಂಡಳು. ಬೆಲ್ಟಿನ ಹುಡುಗಿ ಡಾಕ್ಟರ ಮುಖ ನೋಡಿ ಆಗಲಿ ಅಂದಳು. ತಲೆಯಕ್ಕ ಭುಜ, ಸೊಂಟ, ಕಾಲು ಮೂವರಿಗೂ ಕೈ ಹಿಂದೆ ಕಟ್ಟಿ ನಿಲ್ಲಲು ಸನ್ನೆ ಮಾಡಿದಳು. ತನ್ನ ಅಂಗೈಗಳನ್ನೂ ಮೈದುನನ ಕಿವಿಯಿಂದ ಒಂದು ಬೆರಳಗಲ ದೂರದಲ್ಲಿ ಗಾಳಿಯಲ್ಲೇ ಹಿಡಿದಳು. ಕಣ್ಣು ಮುಚ್ಚಿದ್ದ ಅವನಿಗೆ ಇದಾವುದೂ ಕಾಣುವಂತಿರಲಿಲ್ಲ.

"ಒಂದು," ಎಂದಳು.

ಗೆರೆಗಳು ಹಾಸಿಗೆ ಹಾಸಿ ಮಲಗಿದ್ದವು.

"ಎರಡು."

ನೀಲಿ ಗೆರೆ ಮಿಡತೆಯ ಹಾಗೆ ಛಂಗನೆ ನೆಗೆಯಿತು. ಮುಟ್ಟಿದವರು ಯಾರೂ ಇಲ್ಲ. ಚಾಪೆಯ ಮೇಲೆ ಮೈದುನನ ತಲೆ ತಾನಾಗಿ ನೆಲ ಬಿಟ್ಟು ನಾಲ್ಕು ಬೆರಳು ಮೇಲೆ ಬಂದು, ಅಲ್ಲೇ ನಿಂತು, ಮೂರರ ದಾರಿ ಕಾಯುತ್ತಿತ್ತು.

ಮೊದಲು ಸೊಂಟ ನಗಲು ಶುರುಮಾಡಿದ. ಅವನು ನಕ್ಕ ರಭಸಕ್ಕೆ ಚಾವಣಿಯ ತಗಡುಗಳು ಗಡಗಡ ಅಂದವು. ಮೈದುನ ಕಣ್ಣುಬಿಟ್ಟು, ಗಾಳಿಯಲ್ಲಿ ನಿಂತ ಅತ್ತಿಗೆಯ ಅಂಗೈಗಳನ್ನು ನೋಡಿ, ತಲೆಯನ್ನು ಮೆಲ್ಲಗೆ ಚಾಪೆಗೆ ಇಳಿಸಿದ. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅವನಂಥ ಅಚಲ ಮನುಷ್ಯ ತಾನಾಗಿ ತಲೆ ಎತ್ತುವುದುಂಟೇ? ಅದು ಸೊಳ್ಳೆಯ ಕೆಲಸ. ಪಾರಿವಾಳದಷ್ಟು ದೊಡ್ಡ ಸೊಳ್ಳೆಯೊಂದು ಅವನ ಬೆಲ್ಟಿಗೆ ಕೊಂಡಿ ಹಾಕಿ, ಮೂರು ದಿನವೂ ಸರಿಯಾಗಿ ಎರಡು ಅನ್ನುವ ಹೊತ್ತಿಗೆ ಮೇಲೆತ್ತುತ್ತಿತ್ತು. ಕಂಡವರು ಯಾರೂ ಇಲ್ಲದಿರಬಹುದು, ಸೊಳ್ಳೆ ಇದ್ದದ್ದು ಮಾತ್ರ ನಿಜ.

ಬೆಲ್ಟಿನ ಹುಡುಗಿ ಕೆಂಪಾದಳು. ಅಕ್ಕ, ಎರಡು ದಿನ ನಾನು ಗೆರೆ ನೋಡಿದೆನೇ ಹೊರತು ರೋಗಿಯನ್ನು ನೋಡಲಿಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡಳು. ತಲೆಯಕ್ಕ ಮೊಣಕೈಗಳನ್ನು ನೆಲಕ್ಕೆ ಊರಿ, ಈ ಸಲ ನಿಜವಾಗಿಯೂ ತಲೆ ಹಿಡಿದಳು. ಮೈದುನನ ಕಿವಿಯ ಹತ್ತಿರ ಬಗ್ಗಿದಳು. ಅವನಿಗೆ ಅವಳ ಮುಖ ತಲೆಕೆಳಗಾಗಿ ಕಂಡಿತು.

"ತಲೆ ಈಗ ನನ್ನದು. ನನಗೆ ಸಹಾಯ ಮಾಡಬೇಡ. ಸುಮ್ನೆ ಭಾರವಾಗಿರು."

ಎರಡು ದಿನದಿಂದ ಬಿಗಿಹಿಡಿದಿದ್ದ ಅವನ ಕುತ್ತಿಗೆ ನೆನೆದ ಬಟ್ಟೆಯ ಹಾಗೆ ಸಡಿಲವಾಯಿತು. ತಲೆಯಷ್ಟೂ ಭಾರ ಅವಳ ಅಂಗೈಗೆ ಇಳಿಯಿತು. ಅದು ಅವಳಿಗೆ ಗೊತ್ತಿದ್ದ ಭಾರ, ಇಪ್ಪತ್ತೆರಡು ವರ್ಷದ ಭಾರ. ಒಂದು, ಎರಡು, ಮೂರು ಎಂದಳು. ನಾಲ್ಕು ಜೊತೆ ಕೈ ಒಂದೇ ಮೈಯ ಕೈಗಳಂತೆ ಚಲಿಸಿದವು. ನೀಲಿ ಕೆಂಪು ಎರಡೂ ಜಡೆ ಹೆಣೆದುಕೊಂಡ ಅಕ್ಕತಂಗಿಯರ ಹಾಗೆ ಒಟ್ಟಿಗೆ ಏರಿ, ಒಟ್ಟಿಗೆ ಇಳಿದು, ಹಲಗೆಯ ಮೇಲೆ ಒಟ್ಟಿಗೆ ಮಲಗಿದವು.

ಪರದೆಯ ಮೂಲೆಯಲ್ಲಿ ಸೊನ್ನೆ ಮೂಡಿತು. ಉರುಟಾದ, ತುಂಬಿದ, ಹುಣ್ಣಿಮೆ ಚಂದ್ರನಂಥ ಸೊನ್ನೆ. ಎಂಟು ಊರಿನ ಜನ ಹೋ ಎಂದರು. ಆಂಬುಲೆನ್ಸುಗಳು ತಾವಾಗಿ ಸೈರನ್ ಕೂಗಿಕೊಂಡವು. ತಲೆಯಕ್ಕನನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸಿದರು. ಆಗಲೂ ಅವಳು, ನನ್ನ ಕುತ್ತಿಗೆ ಅಲ್ಲಾಡಿಸಬೇಡಿ, ಮೂರು ಅಂದಮೇಲೆ ಎತ್ತಿ ಅನ್ನುತ್ತಿದ್ದಳು.

ಡಾಕ್ಟರು ಸಹಿ ಹಾಕಿದರು. ಬೆಲ್ಟಿನ ಹುಡುಗಿ ಗೋಡೆಯ ಹಾಳೆಯಲ್ಲಿ ಮೊದಲ ಹೆಜ್ಜೆಯ ಆ ದಪ್ಪ ಅಕ್ಷರದ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ತಲೆಯಕ್ಕನ ಮೂರು ವಾಕ್ಯಗಳನ್ನು ಕೈಯಲ್ಲೇ ಬರೆದಳು. ಎಣಿಸುವುದಕ್ಕೆ ಮುಂಚೆ, ರೋಗಿಯ ಕಿವಿಯ ಹತ್ತಿರ, ತಪ್ಪದೆ ಹೇಳತಕ್ಕದ್ದು. ಆ ವಾರ ಪರೀಕ್ಷೆಗೆ ಕೂತ ಮಿಕ್ಕ ಆರು ಮಂದಿಯೂ ಆ ಮಾತು ಹೇಳಿಯೇ ತಲೆ ಹಿಡಿದರು. ಆರೂ ಜನರ ಅಂಕಿ ಇಳಿಯಿತು. ಹೊಸ ಹಾಳೆ ಅಚ್ಚಾಗಿ ಬಂದ ದಿನ ಅದರ ಒಂದು ಪ್ರತಿ ಹಿಡಿದು ತಲೆಯಕ್ಕ ಮಾರುಕಟ್ಟೆಗೆ ಹೋದಳು. ಕೀಲಿಕೈಯವನು ಅದನ್ನು ಯಂತ್ರದ ಮೇಲ್ಗಡೆ, ಗಿರಾಕಿಗಳ ಕಣ್ಣಿಗೆ ಬೀಳುವಂತೆ ಅಂಟಿಸಿದ. ಮರೆತು ಹೋಗಿದ್ದ ಮನೆಯ ಕೀಲಿಕೈಯನ್ನು ವಾಪಸು ಕೊಟ್ಟ. ಹನ್ನೆರಡನೆಯದು ಮಾಡಿರಲಿಲ್ಲ.

"ಇನ್ಮೇಲೆ ಕೀಲಿಕೈ ಇಲ್ಲದೇ ಬನ್ನಿ ಅಕ್ಕ," ಎಂದ.

ಇಷ್ಟು ಬರೆದು ಚುಕ್ಕೆ ಇಟ್ಟು, ಹೆಮ್ಮೆಯಿಂದ ಬೆನ್ನು ಹಿಂದಕ್ಕೆ ಚಾಚಿದರೆ ಬೆನ್ನಿಗೆ ಯಾರದೋ ಮೊಣಕೈ ತಗುಲಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಮೊದಲ ಸಾಲಿನಿಂದ ಓದಿ ಮುಗಿಸಿದ್ದರು.

"ಈ ಮೀನು ಎಲ್ಲಿಂದ ಬಂತೋ?" ಎಂದರು ಅತ್ತಿಗೆ.

ಸಿಕ್ಕಿಬಿದ್ದಮೇಲೆ ಇನ್ನೇನು. ಮೀನು ಇರಲಿಲ್ಲ. ಲೋಟವೂ ಇರಲಿಲ್ಲ. ಹತ್ತು ಸಾವಿರ ತಲೆ ಅಲ್ಲ, ಅತ್ತಿಗೆಯ ಲೆಕ್ಕದಲ್ಲಿ ಆರುನೂರರ ಆಸುಪಾಸು. ಎಂಟು ಊರಿನ ಜನ ಬಂದಿರಲಿಲ್ಲ, ಹಾಲ್‌ನಲ್ಲಿ ಇದ್ದದ್ದು ಹದಿನಾಲ್ಕು ಮಂದಿ. ಹೆಗಲ ಮೇಲೆ ಯಾರೂ ಹೊರಲಿಲ್ಲ. ಸೊಂಟ ಎರಡು ಸಲ ಚಪ್ಪಾಳೆ ತಟ್ಟುವಷ್ಟರಲ್ಲಿ ಫೋನು ಬಂತು, ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿ ಹೊರಟೇ ಹೋದರು. ಪರದೆಯಲ್ಲಿ ಮೂಡಿದ್ದು ಸೊನ್ನೆಯಲ್ಲ, ನಾಲ್ಕು. ನಾಲ್ಕೇ ಸಾಕಲ್ಲವೇನೋ, ಅದಕ್ಕೆ ಯಾಕೆ ಸುಣ್ಣ ಬಳಿಯುತ್ತೀಯ ಎಂದು ಬೈದರು. ತಮ್ಮನ್ನು ಉದ್ದಕ್ಕೂ ಅವಳು ಇವಳು ಎಂದು ಬರೆದದ್ದಕ್ಕೆ ಬೇರೆಯೇ ಬೈದರು.

"ಮತ್ತೆ ಆ ಸೊಳ್ಳೆ?"

ಸೊಳ್ಳೆ ಇರಲಿಲ್ಲ. ಆ ರೂಪವಂತ ಮೈದುನ ನಾನೇ. ತಲೆ ಎತ್ತಿದವನೂ ನಾನೇ. ಅತ್ತಿಗೆಗೆ ಭಾರವಾಗಬಾರದು, ಪರೀಕ್ಷೆಯ ದಿನ ಅವರ ಕೈ ಸೋಲಬಾರದು ಎಂದು, ಎರಡು ಅನ್ನುತ್ತಲೇ ಕುತ್ತಿಗೆ ಬಿಗಿಹಿಡಿದು ತಲೆಯನ್ನು ನಾನೇ ಎತ್ತಿ ಕೊಡುತ್ತಿದ್ದೆ. ಮೊದಲ ದಿನ ಅದು ತಪ್ಪೆಂದು ಗೊತ್ತಿರಲಿಲ್ಲ, ಇದು ಸತ್ಯ. ಎರಡನೆಯ ದಿನ ಬೆಲ್ಟಿನ ಹುಡುಗಿ ಆ ಗೆರೆ ತೋರಿಸಿದಾಗ ನಾನು ಹಿಂದೆ ನಿಂತು ಕೇಳಿಸಿಕೊಂಡೆ, ಹಾಗೆ ಹಾರಿದ್ದು ನನ್ನ ತಲೆಯೇ ಎಂದು ಅಲ್ಲೇ ಅರ್ಥವಾಯಿತು. ಕಲ್ಲಿಗಿಂತ ಗಟ್ಟಿ ಮಲಗುತ್ತೇನೆ ಎಂದು ಊರಿಗೆಲ್ಲ ಡಂಗುರ ಹೊಡೆದಿದ್ದೆನಲ್ಲ, ಬಾಯಿ ಬರಲಿಲ್ಲ. ಅತ್ತಿಗೆ ಊಟ ಬಿಟ್ಟು ಕುಂಬಳಕಾಯಿ ಎತ್ತುವುದನ್ನು ನೋಡಿಯೂ ಬಾಯಿ ಬರಲಿಲ್ಲ. ಬೋರ್ಡು ಬಾಕಿಯಿದೆ ಎಂದು ಎದ್ದು ಹೋದೆ. ಯಾವ ಬೋರ್ಡೂ ಬಾಕಿ ಇರಲಿಲ್ಲ. ಮೂರನೆಯ ದಿನ ಎತ್ತಕೂಡದು ಎಂದುಕೊಂಡೇ ಮಲಗಿದ್ದೆ, ಎರಡು ಅಂದದ್ದೇ ಕುತ್ತಿಗೆ ನನ್ನ ಮಾತು ಕೇಳಲಿಲ್ಲ.

ಇದಿಷ್ಟನ್ನೂ ತಲೆ ತಗ್ಗಿಸಿ ಹೇಳಿದೆ. ಅತ್ತಿಗೆ ಹಿಂದಿನಿಂದ ಎರಡೂ ಅಂಗೈ ನನ್ನ ಕಿವಿಗಳ ಮೇಲಿಟ್ಟು, ತಗ್ಗಿದ ತಲೆಯನ್ನು ಮೆಲ್ಲಗೆ ನೆಟ್ಟಗೆ ಮಾಡಿದರು.

"ನಂಗೊತ್ತಿತ್ತು ಕಣೋ," ಎಂದರು. "ಅಂಗೈಗೆ ಭಾರ ಬಿಟ್ಟಾಗ ನಿನ್ನ ಕುತ್ತಿಗೆ ಆವತ್ತೇ ಎಲ್ಲ ಹೇಳಿತ್ತು."